ಕೂಸಿನ ಅಂಟು, ಪೂರ್ವಜನ್ಮದ ಗಂಟು

ಹುಟ್ಟಿದ ಕೂಸು ಯಾರೂ ಕಲಿಸದೆಯೇ ಮೊಲೆಗೆ ಬಾಯಿ ಹಾಕುತ್ತದೆ. ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಇದನ್ನೇ ಹಿಡಿದು ಆತ್ಮ ನಿತ್ಯವೆಂದು ಸಾಧಿಸಹೊರಡುತ್ತದೆ: ಹಾಲಿನ ಬಯಕೆ ಅಭ್ಯಾಸದಿಂದ ಬರುವಂಥದ್ದು, ಈ ಜನ್ಮದಲ್ಲಿ ಅಭ್ಯಾಸಕ್ಕೆ ಹೊತ್ತೇ ಸಿಕ್ಕಿಲ್ಲ, ಆದ್ದರಿಂದ ಅದು ಹಿಂದಿನ ಜನ್ಮದ್ದು. ಅಭ್ಯಾಸವಿಲ್ಲದೆಯೂ ಕಬ್ಬಿಣ ಸೂಜಿಗಲ್ಲಿನತ್ತ ಸರಿಯುವುದಿಲ್ಲವೇ ಎಂಬ ಆಕ್ಷೇಪವನ್ನು ಸೂತ್ರಕಾರ ತಾನೇ ಎತ್ತಿ ತಳ್ಳಿಹಾಕುತ್ತಾನೆ. ರಾಗವಿಲ್ಲದೆ, ಅಂದರೆ ಅಂಟಿಲ್ಲದೆ, ಹುಟ್ಟಿದವರನ್ನು ಕಾಣೆವು ಎಂದೂ ಹೇಳುತ್ತಾನೆ. ತರ್ಕಗ್ರಂಥವೊಂದು ಹಸುಗೂಸನ್ನು ಇಷ್ಟು ಗಮನವಿಟ್ಟು ನೋಡಿರುವುದೇ ಸಂತೋಷದ ಸಂಗತಿ. ಆದರೂ ಆ ತೀರ್ಮಾನ ಒಪ್ಪುವಂತಿಲ್ಲ. ಕೂಸು ತರುವುದು ಅಂಟಿಕೊಳ್ಳುವ ಸಾಮರ್ಥ್ಯವನ್ನಷ್ಟೇ. ಅಂಟು ಬೆಳೆಯುವುದು ಸಾಕುವವರ ಕೈಯಲ್ಲಿ.

ಬಂಧದ ಮೂಲ ಹಾಲೇ ಎಂಬ ಎಣಿಕೆಯೇ ಮೊದಲು ಅಲುಗುತ್ತದೆ. ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೊ 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಯಿಯಿಂದ ಅಗಲಿಸಿದ ಕೋತಿಮರಿಗಳು ಹಾಲು ಕೊಡುವ ತಂತಿಬೊಂಬೆಯನ್ನು ಬಿಟ್ಟು ಮೆತ್ತನೆಯ ಬಟ್ಟೆಬೊಂಬೆಯನ್ನೇ ಅಪ್ಪಿಕೊಂಡು ಹೊತ್ತು ಕಳೆದವು. ಕ್ರೂರ ಪ್ರಯೋಗ, ನಿಜ. ಮನುಷ್ಯರ ಸಾಕ್ಷ್ಯ ಇನ್ನೂ ಸ್ಪಷ್ಟ. ರೊಮೇನಿಯದ ಅನಾಥಾಲಯಗಳ ಮಕ್ಕಳ ಬಗ್ಗೆ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಆರಂಭವಾದ ಅಧ್ಯಯನ ವರ್ಷಗಟ್ಟಲೆ ನಡೆಯಿತು. ಪಾಳಿಯ ಮೇಲೆ ಬದಲಾಗುತ್ತಿದ್ದ ಆಯಾಗಳಿಂದ ಊಟ ಸಿಕ್ಕರೂ ಅನೇಕ ಮಕ್ಕಳಲ್ಲಿ ಯಾರ ಮೇಲೂ ಗಟ್ಟಿಯಾದ ಅಂಟು ಬೆಳೆದಿರಲಿಲ್ಲ. ಸುಮಾರು ಎರಡು ವರ್ಷದೊಳಗೆ ಸಾಕುಮನೆ ಸೇರಿದವರಲ್ಲಿ ಅದು ಹೆಚ್ಚಾಗಿ ಚಿಗುರಿತು. ರಾಗ ಸಿದ್ಧವಾಗಿಯೇ ಬಂದಿದ್ದರೆ ಪಾಳಿ ಬದಲಾದ ಮಾತ್ರಕ್ಕೆ ಸೊರಗಬೇಕಿರಲಿಲ್ಲ.

ಗೌತಮನ ಅನುಯಾಯಿಗಳಾದ ನೈಯಾಯಿಕರು ಇಷ್ಟಕ್ಕೆ ಬಿಡುವವರಲ್ಲ. ಸಂಸ್ಕಾರ, ಅಂದರೆ ಹಿಂದಿನ ಅನುಭವ ಉಳಿಸಿದ ಅಚ್ಚು, ಇದ್ದರೂ ಅದನ್ನು ಎಚ್ಚರಿಸುವ ನಿಮಿತ್ತ ಬೇಕು, ಅನಾಥಾಲಯದಲ್ಲಿ ಆ ನಿಮಿತ್ತವೇ ತಪ್ಪಿತು ಎಂದಾರು. ಒಪ್ಪೋಣ, ಆದರೆ ಸಂಸ್ಕಾರದ ಮೂಲ ಇದೇ ಜನ್ಮದ ಬಸಿರಿನಲ್ಲೂ ಸಿಗುತ್ತದಲ್ಲ! ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದಂತೆ, ಹುಟ್ಟಿ ಮೂರು ದಿನ ತುಂಬದ ಕೂಸುಗಳು, ಬಸಿರಿನಲ್ಲೇ ಕೇಳಿದ್ದ ತಾಯಿಯ ದನಿ ಮತ್ತೆ ಕೇಳಲೆಂದು ಚೀಪುವ ಲಯವನ್ನೇ ಬದಲಿಸಿದವು. ಚೀಪುವ ಪ್ರವೃತ್ತಿಯೋ, ಸಸ್ತನಿಗಳ ವಂಶದ ಬಳುವಳಿ. ಅದನ್ನು ಹಿಂದಿನ ಅಭ್ಯಾಸವೆಂದು ಕರೆದರೂ ಅದು ಇಡೀ ಕುಲದ್ದಾಯಿತೇ ಹೊರತು ಒಂದು ಆತ್ಮದ್ದಾಗಲಿಲ್ಲ. ಪೂರ್ವಜನ್ಮವೇ ಇಲ್ಲವೆಂದು ಇದರಿಂದ ಸಾಧಿಸಿದಂತಾಗದು. ಕೂಸನ್ನು ಅದಕ್ಕೆ ಸಾಕ್ಷಿ ಕರೆಯಲಾಗದು, ಅಷ್ಟೆ. ಹಾಗಾದರೆ ಕೂಸು ಬರೀ ಕಬ್ಬಿಣವೇ? ಇಲ್ಲಿ ಮಾತ್ರ ನಾನು ಗೌತಮನ ಪಕ್ಷ. ಉಗಾಂಡದ ಹಳ್ಳಿಗಳಲ್ಲೂ ಬಳಿಕ ಬಾಲ್ಟಿಮೋರಿನಲ್ಲೂ ತಾಯಿಮಕ್ಕಳನ್ನು ಗಮನಿಸಿದ ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್, ಅಳುವಿಗೆ ತಾಯಿ ಓಗೊಡುವ ರೀತಿಗೆ ತಕ್ಕಂತೆ ಮಗುವಿನ ಅಂಟೂ ಬೇರೆಬೇರೆ ಬಗೆಯದಾಗುವುದನ್ನು ಕಂಡರು. ಸೂಜಿಗಲ್ಲು ತನ್ನನ್ನು ಹೇಗೆ ನಡೆಸಿಕೊಂಡಿತು ಎಂಬುದು ಕಬ್ಬಿಣಕ್ಕೆ ಲೆಕ್ಕಕ್ಕಿಲ್ಲ. ವರ್ಷದ ಕೂಸಿಗೆ ಅದೇ ಲೆಕ್ಕ.