ಬಿಸಿಲಲ್ಲಿ ಬರುವ ನೀರು

ನಂಜನಗೂಡಿನ ಹೊಳೆದಂಡೆಯ ಬೀದಿಗಳಲ್ಲಿ ಜುಲೈ ಹುಟ್ಟಿತೆಂದರೆ ಬೆಳಗಿನ ಮಾತು ಬದಲಾಗುತ್ತದೆ. ನಲ್ಲಿ ಹತ್ತಿರ ಕೊಡ ಇಟ್ಟು ನಿಂತವರು ತಿಂಡಿ ವಿಚಾರ, ಮಗಳ ಮನೆ ವಿಚಾರ ಎಲ್ಲ ಬಿಟ್ಟು ಮೊದಲು ಕೇಳುವುದು, ‘ಎಷ್ಟು ಬಿಟ್ಟವ್ರಂತೆ?’ ‘ನಲವತ್ತಂತೆ ಕಣಕ್ಕ.’ ‘ನಲವತ್ತಾ? ಹಂಗಾದ್ರೆ ಇನ್ನೂ ಟೈಮದೆ ಬುಡು.’ ನಲವತ್ತು ಅಂದರೆ ನಲವತ್ತು ಸಾವಿರ ಕ್ಯುಸೆಕ್. ಸಾವಿರವನ್ನೂ ಕ್ಯುಸೆಕ್ಕನ್ನೂ ಬಾಯಿಬಿಟ್ಟು ಹೇಳುವ ಅಗತ್ಯ ಇಲ್ಲಿ ಯಾರಿಗೂ ಇಲ್ಲ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ; ನಲವತ್ತು ಸಾವಿರವಾದರೆ ಸೆಕೆಂಡಿಗೆ 11 ಲಕ್ಷ ಲೀಟರಿಗೂ ಮೇಲೆ. ಈ ಗುಣಾಕಾರ ಶಾಲೆಯ ಮಕ್ಕಳು ಮಾಡಿಕೊಳ್ಳಲಿ. ಬೀದಿಗೆ ಗೊತ್ತಾಗಬೇಕಾದದ್ದು ಅಕ್ಕಿ ಮೂಟೆಯನ್ನು ಇವತ್ತೇ ಎತ್ತಬೇಕೋ, ನಾಳೆ ಎತ್ತಿದರೂ ನಡೆದೀತೋ ಎಂಬುದಷ್ಟೇ.

ಹೊರಗಿನಿಂದ ಬಂದವರಿಗೆ ವಿಚಿತ್ರ ಎನಿಸುವುದು ಇದು: ಆ ದಿನ ಊರಲ್ಲಿ ಮಳೆಯೇ ಇರುವುದಿಲ್ಲ. ಮಹಡಿ ಮೇಲೆ ಹಪ್ಪಳ ಒಣಗುತ್ತಿರುತ್ತದೆ, ಬಿಸಿಲು ಚೆನ್ನಾಗಿಯೇ ಕಾಯುತ್ತಿರುತ್ತದೆ, ಹೊಳೆ ಮಾತ್ರ ಮೇಲೇರುತ್ತಿರುತ್ತದೆ. ಕಪಿಲೆ ಎಂದು ನಾವು ಕೈಮುಗಿಯುವ ಈ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಸುರಿದದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಜಲಾಶಯಕ್ಕೆ ಬಂದು ನಿಲ್ಲುತ್ತದೆ. 1974ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆಯ ಹೊಟ್ಟೆ ದೊಡ್ಡದಲ್ಲ, 19.52 ಟಿಎಂಸಿ, ಕೆ.ಆರ್.ಎಸ್.ನ ಅರ್ಧಕ್ಕಿಂತಲೂ ಕಡಿಮೆ. ಮಟ್ಟ 2,284 ಅಡಿ ಮುಟ್ಟುವ ಹೊತ್ತಿಗೆ ಅತ್ತ ವಯನಾಡಿನಲ್ಲಿ ಮಳೆ ನಿಲ್ಲದಿದ್ದರೆ ಗೇಟು ಎತ್ತದೆ ಬೇರೆ ದಾರಿ ಇರುವುದಿಲ್ಲ. ಬಿಟ್ಟ ನೀರು ನಮ್ಮೂರು ತಲುಪಲು ಕೆಲವು ಗಂಟೆ ಬೇಕು. ಆ ಕೆಲವು ಗಂಟೆಯಲ್ಲಿ ಬೀದಿ ಏನು ಮಾಡಬಹುದೋ ಅಷ್ಟನ್ನೂ ಮಾಡುತ್ತದೆ.

2018ರ ಆಗಸ್ಟ್, 2019ರ ಆಗಸ್ಟ್, 2024ರ ಜುಲೈ: ಇವು ನಮ್ಮ ಕಡೆ ಮದುವೆ, ಸಾವು, ಹೆರಿಗೆಗಳನ್ನು ನೆನಪಿಟ್ಟುಕೊಳ್ಳುವ ಗುರುತುಗಳು. 2019ರಲ್ಲಿ ಹೊರಹರಿವು ಲಕ್ಷ ದಾಟಿತ್ತು. ಮೈಸೂರು ರಸ್ತೆಯಲ್ಲಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯೇ ಮುಳುಗಿ ಬಸ್ಸು ನಿಂತಿತ್ತು. 2024ರ ಮಾತೇ ಬೇರೆ. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡವೇ ಜಾರಿತು. ಆ ಗುಡ್ಡದ ನೀರು ಹರಿದದ್ದು ಪಶ್ಚಿಮಕ್ಕೆ, ಚಾಲಿಯಾರ್ ಹೊಳೆಗೆ. ಅದೇ ಮಳೆಯ ಇನ್ನೊಂದು ಪಾಲು ಪೂರ್ವಕ್ಕಿಳಿದು ಕಬಿನಿ ಹಿಡಿದು ನಮ್ಮ ಹೊಸ್ತಿಲಿಗೆ ಬಂತು. ಟಿ.ವಿ.ಯಲ್ಲಿ ಅಲ್ಲಿನದನ್ನು ನೋಡಿದ ಮೇಲೆ ಆ ವರ್ಷ ನಮ್ಮ ಬೀದಿಯಲ್ಲಿ ಯಾರೂ ಗೋಳು ಹೇಳಿಕೊಳ್ಳಲಿಲ್ಲ. ಒದ್ದೆ ಹಾಸಿಗೆಯನ್ನು ಸುಮ್ಮನೆ ಕಾಂಪೌಂಡಿನ ಮೇಲೆ ಹಾಕಿದರು.

ಅಳತೆಗೋಲೂ ನಮ್ಮದೇ ಇದೆ: ಸ್ನಾನಘಟ್ಟದ ಹದಿನಾರು ಕಾಲು ಮಂಟಪ. ಮೆಟ್ಟಿಲು ಮುಳುಗಿತೆಂದರೆ ಹುಡುಗರು ನೋಡಲು ಹೋಗುತ್ತಾರೆ. ಮಂಟಪದ ಕಂಬಕ್ಕೆ ನೀರು ಹತ್ತಿತೆಂದರೆ ಹೆಂಗಸರು ಹೋಗುತ್ತಾರೆ. ಛಾವಣಿಯಷ್ಟೇ ಕಾಣುತ್ತಿದೆ ಎಂಬ ಸುದ್ದಿ ಬಂದಾಗ ಯಾರೂ ನೋಡಲು ಹೋಗುವುದಿಲ್ಲ, ಎಲ್ಲರೂ ಮನೆಯೊಳಗಿರುತ್ತಾರೆ, ಕೈಗೆ ಕೆಲಸ ಬಂದಿರುತ್ತದೆ. ಆಟೋದಲ್ಲಿ ಮೈಕ್ ಕಟ್ಟಿಕೊಂಡು ‘ಸುರಕ್ಷಿತ ಸ್ಥಳಕ್ಕೆ ತೆರಳಬೇಕು’ ಎಂದು ಸಾರುವವರು ಬರುವ ಹೊತ್ತಿಗೆ ಅರ್ಧ ಬೀದಿ ಅರ್ಧ ಸಾಮಾನು ಎತ್ತಿ ಆಗಿರುತ್ತದೆ.

ಹೊಸಬರಿಗೆ ನಮ್ಮ ಬೀದಿ ಸಪಾಟಾಗಿ ಕಾಣುತ್ತದೆ. ಸೈಕಲ್ ಬಿಟ್ಟರೆ ಮಾತ್ರ ಗೊತ್ತಾಗುತ್ತದೆ, ಮೇಲ್ತುದಿಯಿಂದ ಪೆಡಲ್ ತುಳಿಯದೆಯೇ ಅದು ಹೊಳೆ ಕಡೆಗೆ ಹೋಗುತ್ತದೆ. ಇಲ್ಲಿ ಮೇಲು ಕೀಳು ನಿಂತಿರುವುದು ಈ ಎರಡು ಮೂರು ಅಡಿ ಇಳಿಜಾರಿನ ಮೇಲೆಯೇ. ಮೇಲ್ತುದಿಯಲ್ಲಿ ಮೋಲ್ಡ್ ಹಾಕಿದ ಮನೆ, ಮಹಡಿ, ಗ್ರಿಲ್ಲು. ನಡುವೆ ಹೆಂಚಿನ ಮನೆ. ಕೊನೆಯಲ್ಲಿ ಶೀಟಿನ ಮನೆ, ಅದರಲ್ಲೂ ಬಾಡಿಗೆಯವರು. ತೋಪಿನ ಬೀದಿ, ಹಳ್ಳದಕೇರಿ, ಸರಸ್ವತಿ ಕಾಲೊನಿ, ಗೌರಿಘಟ್ಟದ ಬೀದಿ ಎಂದು ಪತ್ರಿಕೆಗಳಲ್ಲಿ ಪ್ರತಿಸಲ ಬರುವ ಹೆಸರುಗಳಲ್ಲೂ ಎಲ್ಲರ ಮನೆಗೂ ನೀರು ನುಗ್ಗುವುದಿಲ್ಲ. ಯಾರ ಮನೆಗೆ ಎಂಬುದು ಆ ಇಳಿಜಾರಿನಲ್ಲೇ ಬರೆದಿದೆ. ಕೆಳತುದಿಗೆ ಬಾಡಿಗೆ ಯಾಕೆ ಕಡಿಮೆ ಎಂಬುದನ್ನು ಮನೆ ಮಾಲೀಕರು ಹೇಳುವುದಿಲ್ಲ. ಅದನ್ನು ಹೇಳುವವರು ಎದುರು ಮನೆ ಅಜ್ಜಿ, ಹೊಸ ಬಾಡಿಗೆಯವರು ಹಾಲು ಉಕ್ಕಿಸಿದ ವಾರದೊಳಗೇ: ‘ಅವ್ವಾ, ಕಾಗ್ದ ಪತ್ರನೆಲ್ಲ ಆ ಕೆಳಗ್ನ ಗೂಡಲ್ ಮಡಗ್ಬ್ಯಾಡ.’

ಸಾಮಾನು ಎತ್ತುವುದಕ್ಕೂ ಒಂದು ಕ್ರಮವಿದೆ, ಅದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಮೊದಲು ಪ್ಲಾಸ್ಟಿಕ್ ಚೀಲ: ಅದರೊಳಗೆ ರೇಷನ್ ಕಾರ್ಡು, ಆಧಾರ್, ಮನೆ ಪತ್ರ, ಮಕ್ಕಳ ಟಿ.ಸಿ., ಸಂಘದ ಸಾಲದ ಪುಸ್ತಕ. ಆಮೇಲೆ ಅಕ್ಕಿ, ರಾಗಿ. ಆಮೇಲೆ ಸಿಲಿಂಡರ್; ಬಿಟ್ಟರೆ ತೇಲಿಕೊಂಡು ಹೋಗುತ್ತದೆ, ಖಾಲಿ ಇದ್ದರಂತೂ ಬೇಗ. ಟಿ.ವಿ. ಅಟ್ಟಕ್ಕೆ ಹೋಗುತ್ತದೆ. ಫ್ರಿಜ್ ಎತ್ತಲು ನಾಲ್ಕು ಜನ ಬೇಕು, ಅದು ಮೇಲ್ತುದಿಯ ಯಾರದೋ ಹಾಲ್‌ಗೆ ಹೋಗುತ್ತದೆ, ಇಲ್ಲವೇ ಎರಡು ಬೆಂಚಿನ ಮೇಲೆ ಏರಿ ಅದೃಷ್ಟ ಕಾಯುತ್ತದೆ. ದೇವರ ಪಟಗಳಿಗೆ ತೊಂದರೆ ಇಲ್ಲ, ಅವು ಮೊದಲೇ ಗೋಡೆಯ ಮೇಲೆ ಎತ್ತರದಲ್ಲಿರುತ್ತವೆ. ಒರಳುಕಲ್ಲು ಎಲ್ಲಿದ್ದದ್ದು ಅಲ್ಲೇ. ಕೋಳಿ, ಮೇಕೆಗಳ ವಿಚಾರದಲ್ಲಿ ಗಂಡ ಹೆಂಡಿರ ನಡುವೆ ಒಂದು ಜಗಳ ಆಗಿಯೇ ತೀರುತ್ತದೆ. ಇಷ್ಟಾದ ಮೇಲೆ ಕೆಲವರು ಕಾಳಜಿ ಕೇಂದ್ರಕ್ಕೆ, ಕೆಲವರು ನೆಂಟರ ಮನೆಗೆ. ಪ್ರತಿ ಮನೆಯಿಂದ ಒಬ್ಬರು ಮಾತ್ರ ಯಾರದಾದರೂ ಮಹಡಿಯ ಮೇಲೆ ಉಳಿಯುತ್ತಾರೆ, ಬಾಗಿಲು ಕಾಯಲಿಕ್ಕೆ.

ನೀರು ಇಳಿದ ಮೇಲಿನ ಕಷ್ಟದ ಫೋಟೊ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಗೋಡಿನ ಥರದ ನುಣ್ಣನೆ ಕೆಸರು ನೆಲದಲ್ಲಿ ಗೇಣುದ್ದ ಕೂತಿರುತ್ತದೆ. ಅದು ಹಸಿ ಇರುವಾಗಲೇ ಹೊಳೆ ನೀರಿನ ಜೊತೆಯಲ್ಲೇ ತಳ್ಳಿಬಿಡಬೇಕು. ಒಣಗಿತೆಂದರೆ ಗುದ್ದಲಿ ಬೇಕು. ಹಾಗಾಗಿ ನೀರು ಮೊಣಕಾಲಿಗಿಳಿದ ತಕ್ಷಣ ಜನ ಪೊರಕೆ ಹಿಡಿದು ವಾಪಸು ಬರುತ್ತಾರೆ. ಹಾವು ಇದ್ದೀತೆಂದು ಕೋಲಿನಲ್ಲಿ ಮೂಲೆಮೂಲೆ ಬಡಿಯುತ್ತಾರೆ. ನಷ್ಟ ಬರೆದುಕೊಳ್ಳುವವರು ಬರುವುದು ಆಮೇಲೆ. ಅಷ್ಟರಲ್ಲಿ ಮನೆ ತೊಳೆದಿದ್ದರೆ ‘ನೀರು ಬಂದಿತ್ತಾ ನಿಮ್ಮನೆಗೆ?’ ಎಂದು ಕೇಳಿಸಿಕೊಳ್ಳಬೇಕು. ಅದಕ್ಕೇ ಈಗ ಒಂದು ಗೋಡೆಯ ಗೆರೆಯನ್ನು ಮಾತ್ರ ಉಜ್ಜದೆ ಬಿಡುವ ಜಾಣತನ ಬಂದಿದೆ.

ಇಷ್ಟೆಲ್ಲ ಹೇಳಿದೆನೆಂದು ನಮ್ಮ ಬೀದಿಯವರೆಲ್ಲ ಒಂದೇ ತಾಯಿ ಮಕ್ಕಳಂತೆ ಇದ್ದಾರೆ ಎಂದುಕೊಳ್ಳಬೇಡಿ. ಫ್ರಿಜ್ ಹೊತ್ತ ನಾಲ್ವರಲ್ಲಿ ಇಬ್ಬರು ಚರಂಡಿ ಮೇಲೆ ಹಾಸಿದ ಚಪ್ಪಡಿ ಯಾರ ಜಾಗದಲ್ಲಿದೆ ಎಂಬ ವಿಚಾರವಾಗಿ ಮಾತು ಬಿಟ್ಟವರು. ಫ್ರಿಜ್ ಹೊರುವಾಗಲೂ ಮಾತಾಡಲಿಲ್ಲ, ‘ಇತ್ಲಾಗೆ, ಅತ್ಲಾಗೆ’ ಎಂದಷ್ಟೇ. ಇಂಥ ಊರಿನ ಬದುಕಿನಲ್ಲಿ ನನಗೆ ಹಿಡಿಸಿರುವುದು ಈ ಗುಣವೇ. ಪ್ರೀತಿ ಇದ್ದರೆ ಮಾತ್ರ ನೆರವಾಗಬೇಕೆಂಬ ಷರತ್ತು ಇಲ್ಲಿಲ್ಲ. ನೆರೆಮನೆಯವನೊಡನೆ ಜಗಳವಿದ್ದರೂ ನೆರೆ ಬಂದಾಗ ಅವನ ಸಿಲಿಂಡರ್ ಎತ್ತಿಕೊಡುತ್ತಾರೆ. ನೀರಿಳಿದ ಮೇಲೆ ಜಗಳ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ.

ವರ್ಷದ ಮಿಕ್ಕ ದಿನಗಳು ಬೇರೆಯೇ. ಸೋಮವಾರ, ಹುಣ್ಣಿಮೆ ಬಂದರೆ ನಂಜುಂಡೇಶ್ವರನ ಗುಡಿಗೆ ಬರುವ ಜನ ನಮ್ಮ ಬೀದಿಯಲ್ಲೇ ಹೊಳೆಗಿಳಿಯುತ್ತಾರೆ. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವಾಗ ಪ್ರತಿ ಮನೆಯ ಜಗಲಿಯೂ ಛತ್ರ. ನಂಜನಗೂಡು ಎಂದರೆ ಹೊರಗಿನವರಿಗೆ ಹಲ್ಲುಪುಡಿ, ರಸಬಾಳೆ. ರಸಬಾಳೆ ಪನಾಮಾ ರೋಗಕ್ಕೆ ಸಿಕ್ಕಿ ನಮಗೇ ಅಪರೂಪವಾಗಿದೆ, ಇರಲಿ. ಹೊಳೆಗೆ ಅಡ್ಡಲಾಗಿ 1735ರ ಹಳೆಯ ಸೇತುವೆ ಇದೆ. ಬ್ರಾಡ್‌ಗೇಜ್ ಬರುವವರೆಗೂ ರೈಲು ಅದರ ಮೇಲೇ ಓಡಾಡಿತು. ಎಲ್ಲ ನೆರೆಗಳನ್ನೂ ನೋಡಿದ್ದು ಅದೊಂದೇ.

ಹೊಳೆಯನ್ನು ನಾವು ನಡೆಸಿಕೊಳ್ಳುವ ರೀತಿಯ ಬಗ್ಗೆ ಮಾತ್ರ ಸುಮ್ಮನಿರಲಾರೆ. ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುತ್ತಾರೆ, ಪಾಪ ಕಳೆಯಿತೆಂದು. ಅದು ಹೋಗುವುದು ಎಲ್ಲಿಗೆ? ಮುಂದಿನ ಮೆಟ್ಟಿಲಿಗೆ, ಅಲ್ಲಿಂದ ಬೇಲಿಯ ಮುಳ್ಳಿಗೆ. ಯಾತ್ರಿಕರನ್ನು ಬೈದು ಸುಮ್ಮನಾಗುವ ಹಾಗೂ ಇಲ್ಲ. ನಮ್ಮ ಬಚ್ಚಲ ನೀರು, ಅದಕ್ಕಿಂತ ಹೆಚ್ಚಿನದೂ, ಇಳಿಜಾರು ಹಿಡಿದು ಹೋಗುವುದು ಅಲ್ಲಿಗೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಮಲಿನ ನದಿಪಾತ್ರಗಳ ಪಟ್ಟಿ ಮಾಡಿದಾಗ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿ ಅದರಲ್ಲಿತ್ತು. ವರ್ಷವಿಡೀ ನಾವು ಹೊಳೆಗೆ ಕಳಿಸಿದ್ದನ್ನು ಹೊಳೆ ಆಗಸ್ಟಿನಲ್ಲಿ ಮನೆಗೆ ತಂದು ಕೊಡುತ್ತದೆ, ಅದೂ ಕೆಳತುದಿಯವರ ಮನೆಗೇ ಮೊದಲು. ಮೇಲ್ತುದಿಯವರು ಇದನ್ನು ಕಪಿಲಮ್ಮನ ಮುನಿಸು ಎನ್ನುತ್ತಾರೆ. ಕೆಳತುದಿಯಲ್ಲಿ ಕೆಸರು ಬಾಚುವವರ ಮೂಗಿಗೆ ಅದು ಏನೆಂದು ಚೆನ್ನಾಗಿ ಗೊತ್ತು.

ಪ್ರತಿ ನೆರೆ ಇಳಿದ ಮೇಲೂ ಸ್ಥಳಾಂತರದ ಮಾತು ಏಳುತ್ತದೆ. ಹೊರಗಿನವರಂತೂ ನೇರವಾಗಿ ಕೇಳುತ್ತಾರೆ: ‘ಇಷ್ಟೆಲ್ಲ ಪಾಡು ಯಾಕೆ, ಬೇರೆ ಕಡೆ ಹೋಗಬಾರದೇ?’ ಕೆಳತುದಿಯ ಹೂವಿನಾಕೆ ಇದಕ್ಕೆ ಕೊಟ್ಟ ಲೆಕ್ಕ ಹೀಗಿದೆ. ಬೆಳಗಿನ ಜಾವ ಗುಡಿ ಬಾಗಿಲು ತೆಗೆಯುವ ಮೊದಲು ಅವರು ಬುಟ್ಟಿ ಇಟ್ಟುಕೊಂಡು ಕೂತಿರಬೇಕು. ಈಗ ನಡೆದು ಹೋಗುತ್ತಾರೆ. ಊರಾಚೆ ಸೈಟು ಕೊಟ್ಟರೆ ಆ ಹೊತ್ತಿಗೆ ಬಸ್ಸಿಲ್ಲ, ಆಟೋಗೆ ಕೊಟ್ಟರೆ ಆ ದಿನದ ಮೊಳ ಹೂವಿನ ಲಾಭ ಅಲ್ಲಿಗೇ ಮುಗಿಯಿತು. ಮಕ್ಕಳನ್ನು ಈಗ ಎದುರು ಮನೆ ಅಜ್ಜಿ ಎಬ್ಬಿಸಿ ಸ್ಕೂಲಿಗೆ ಕಳಿಸುತ್ತಾರೆ. ಅಜ್ಜಿಯ ಮನೆ ಸ್ವಂತದ್ದು, ಇವರದು ಬಾಡಿಗೆ. ಸೈಟು ಸಿಕ್ಕರೂ ಮೊದಲು ಸಿಗುವುದು ಪತ್ರ ಇದ್ದವರಿಗೆ ತಾನೇ? ಅಂದರೆ ಅಜ್ಜಿ ಹೋಗುತ್ತಾರೆ, ಇವರು ಉಳಿಯುತ್ತಾರೆ, ನೀರು ಬರುವ ಮನೆಯಲ್ಲೇ, ಎಬ್ಬಿಸುವವರಿಲ್ಲದೆ. ‘ಕೊಡದಾದ್ರೆ ಬೀದಿ ಬೀದಿನೇ ಒಟ್ಟಿಗೆ ಕೊಡ್ಲಿ ಸ್ವಾಮಿ, ಬಾಡ್ಗೇರ್ನೂ ಸೇರ್ಸಿ, ಗುಡಿ ಕಡೀಗೆ ಬೆಳಗಾಗೆ ಒಂದು ಬಸ್ಸು ಬುಟ್ಟು. ಆಗ ಹೊಂಟೋಯ್ತೀವಿ’ ಎಂದರು. ಸ್ಥಳಾಂತರದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಕಡತಕ್ಕೆ ಸೇರಿಸಬಹುದಾದ್ದು ಇದೊಂದೇ ಎನಿಸಿತು.