ಅಭಾವವೋ, ಸಂಸ್ಕೃತಿಯೋ?

ವೈಶೇಷಿಕ ದಾರ್ಶನಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಎಣಿಸಿದಾಗ, ಯಾವ ಅಭಾವವೂ ತಾನಾಗಿ ತೋರುವುದಿಲ್ಲವೆಂಬುದನ್ನೂ, ಇಲ್ಲದ ವಸ್ತುವಿನ, ಅಂದರೆ ಪ್ರತಿಯೋಗಿಯ, ಜ್ಞಾನವು ನೋಡುವವನಲ್ಲಿ ಮೊದಲೇ ಇರಬೇಕೆಂಬುದನ್ನೂ ಗಮನಿಸಿದ್ದರು. ಕಿವುಡುತನವನ್ನು ಬರಿಯ ಕೊರತೆಯೆಂದು ಬಗೆಯುವ ನಾವು ಆ ಪ್ರತಿಯೋಗಿಯನ್ನು ನಮ್ಮ ಕಿವಿಯಿಂದಲೇ ತಂದಿರುತ್ತೇವೆ. ಅಲ್ಲಿ ಇಲ್ಲದುದನ್ನು ಹುಡುಕುವ ಭರದಲ್ಲಿ ಇರುವುದನ್ನು ಕಾಣದೆ ಹೋಗುತ್ತೇವೆ.

ಇರುವುದಾದರೂ ಏನು? ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಆನುವಂಶಿಕ ಕಿವುಡುತನವು ತಲೆಮಾರುಗಳವರೆಗೆ ಉಳಿದಿದ್ದ ಕಾರಣ, ಅಲ್ಲಿ ಕಿವಿ ಕೇಳುವವರೂ ಸನ್ನೆಭಾಷೆಯನ್ನು ಬಾಲ್ಯದಲ್ಲೇ ಕಲಿಯುತ್ತಿದ್ದರು. ದೋಣಿಯಿಂದ ದೋಣಿಗೆ ಬೆಸ್ತರು ಅದರಲ್ಲೇ ಮಾತಾಡುತ್ತಿದ್ದರು. ನೋರಾ ಗ್ರೋಸ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿಯ ವೃದ್ಧರನ್ನು ವಿಚಾರಿಸಿದಾಗ, ಗತಿಸಿದ ನೆರೆಯವರು ಒಳ್ಳೆಯ ಬೆಸ್ತರಾಗಿದ್ದರೆಂಬುದು ಮೊದಲು ನೆನಪಿಗೆ ಬಂದು, ಅವರು ಕಿವುಡರಾಗಿದ್ದರೆಂಬುದು ಕೇಳಿದ ಮೇಲಷ್ಟೇ ಹೊಳೆದುದುಂಟು. ಇದಕ್ಕೆ ವಿಪರೀತವಾಗಿ, 1880ರ ಮಿಲಾನ್ ಸಮ್ಮೇಳನದಲ್ಲಿ ನೆರೆದ ಕಿವುಡರ ಶಿಕ್ಷಕರು (ಅವರಲ್ಲಿ ಬಹುತೇಕರು ಕೇಳುವವರೇ!) ಬಾಯಿಮಾತೇ ಶ್ರೇಷ್ಠವೆಂದು ನಿರ್ಣಯಿಸಿ ಸನ್ನೆಯನ್ನು ತರಗತಿಯಿಂದ ಹೊರಗಟ್ಟಿದರು. ಆದರೂ ಅದು ವಿದ್ಯಾರ್ಥಿನಿಲಯಗಳಲ್ಲಿ, ಹಿರಿಯ ಹುಡುಗರಿಂದ ಕಿರಿಯರಿಗೆ, ದಾಟುತ್ತಲೇ ಇದ್ದಿತು. ಅದಕ್ಕೆ ಭಾಷೆಗಿರತಕ್ಕ ಅಂಗರಚನೆಯೆಲ್ಲ ಇದೆಯೆಂದು ಭಾಷಾವಿಜ್ಞಾನಿ ವಿಲಿಯಂ ಸ್ಟೋಕಿ ತೋರಿಸಿದುದು 1960ರಲ್ಲಿ; ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹೋರಾಡಿ ಕಿವುಡರೊಬ್ಬರನ್ನೇ ಅಧ್ಯಕ್ಷಪದವಿಗೆ ತಂದುದು 1988ರಲ್ಲಿ.

ಸಂಸ್ಕೃತಿಯೆಂಬುದು ತಾಯಿತಂದೆಯರಿಂದ ಬರಬೇಡವೇ, ಕಿವುಡ ಮಕ್ಕಳಲ್ಲಿ ಬಹುಪಾಲಿನವರ ತಾಯಿತಂದೆಯರು ಕೇಳುವವರಲ್ಲವೇ ಎಂದು ಆಕ್ಷೇಪಿಸಬಹುದು. ಗುರುಪರಂಪರೆಯನ್ನು ಬಲ್ಲ ನಮ್ಮವರಿಗೆ ಈ ಆಕ್ಷೇಪವು ದೊಡ್ಡದಾಗಿ ಕಾಣಬಾರದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳಿಂದ ಅಂಧರಾದ ಪುಟ್ಟರಾಜ ಗವಾಯಿಗಳಿಗೆ, ಅವರಿಂದ ಅಸಂಖ್ಯ ಶಿಷ್ಯರಿಗೆ ಹರಿದ ಸಂಗೀತವು ಯಾವ ರಕ್ತಸಂಬಂಧವನ್ನು ಕಾದು ನಿಂತಿತ್ತು?

ವೈಕಲ್ಯದಲ್ಲಿ ನೋವೇ ಇಲ್ಲವೆಂದಾಗಲಿ, ನಡುವಯಸ್ಸಿನಲ್ಲಿ ಕಾಲು ಕಳೆದುಕೊಂಡವನು ಅದನ್ನು ಸಂಸ್ಕೃತಿಯೆಂದು ಕೊಂಡಾಡಬೇಕೆಂದಾಗಲಿ ಇದರ ಅರ್ಥವಲ್ಲ. ಹಾಗೆಂದು ಬಲವಂತಪಡಿಸುವುದು ಇನ್ನೊಂದು ಬಗೆಯ ಅವಿವೇಕ. ಆದರೆ ಜಾತಿ, ಮತ, ಭಾಷೆ, ಲಿಂಗಗಳ ವೈವಿಧ್ಯವನ್ನು ಆದರದಿಂದ ಚರ್ಚಿಸುವ ಸಭೆಗಳು, ವಿಕಲಾಂಗರ ಸರದಿ ಬಂದೊಡನೆ ಇಳಿಜಾರು ದಾರಿಯ ಅಂದಾಜುಪಟ್ಟಿಗೆ ಇಳಿದುಬಿಡುವುದು ಅರ್ಧ ನ್ಯಾಯ ಮಾತ್ರ. ಕಿವುಡರ ಸಂಸ್ಕೃತಿಗೂ ಸನ್ನೆಭಾಷೆಗೂ ಮನ್ನಣೆ ಸಲ್ಲತಕ್ಕದ್ದೆಂದು ವಿಕಲಾಂಗರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 30ನೆಯ ವಿಧಿ ಹೇಳುತ್ತದೆ. ಅದನ್ನು ಭಾರತವು 2007ರಲ್ಲಿಯೇ ಅನುಮೋದಿಸಿದೆ.