ಖಾರದ ಋಣ

ನಮ್ಮ ಓಣಿಯ ತಿರುವಿನಲ್ಲಿ, ಒಗ್ಗರಣಿ-ಮಿರ್ಚಿ ಬಂಡಿಯ ಎದುರಿಗೇ, ಹೋದ ವಾರ ಒಂದು ನೂಡಲ್ಸ್ ಅಂಗಡಿ ಶುರುವಾಯಿತು. ಬಳ್ಳಾರಿಯಲ್ಲಿ ಸಂಜೆಯಾದರೆ ಕಾಲು ತಾನಾಗಿಯೇ ಮಿರ್ಚಿಯ ಕಡೆ ತಿರುಗುತ್ತದೆ. ಆದರೆ ಈಗ ಕಾಲೇಜು ಹುಡುಗ ಹುಡುಗಿಯರೆಲ್ಲ ರಸ್ತೆಯ ಆಚೆ ಬದಿಗೆ ಸೇರಿದ್ದಾರೆ. ಮಗಳು ಕರೆದಳೆಂದು ನಾನೂ ಹೋದೆ. ಗೋಡೆಯ ಮೇಲೆ ಖಾರಕ್ಕೆ ಒಂದರಿಂದ ಐದರವರೆಗೆ ಅಂಕಿ ಬರೆದಿದ್ದರು. ನಾವು ಮೂರನೆಯದನ್ನು ಹೇಳಿದೆವು.

ರಾಮೆನ್ ಬಂತು. ಕೆಂಪು ಸಾರು, ಅದರಲ್ಲಿ ಮುಳುಗಿದ ಗೋಧಿಯ ಎಳೆಗಳು, ಮೇಲೆ ಈರುಳ್ಳಿ ಸೊಪ್ಪು, ಹುರಿದ ಎಳ್ಳು. ಮೊದಲ ತುತ್ತಿಗೆ ಬೆಳ್ಳುಳ್ಳಿಯ ಘಮ, ಎರಡನೆಯದಕ್ಕೆ ತುಸು ಸಿಹಿ. ಮೂರನೆಯದಕ್ಕೆ ತುಟಿ, ನಾಲಗೆ, ಗಂಟಲು ಒಟ್ಟಿಗೇ ಹೊತ್ತಿಕೊಂಡವು. ಮಗಳು ನೀರಿನ ಲೋಟಕ್ಕೆ ಕೈಚಾಚಿದಳು. ಪಕ್ಕದಲ್ಲಿ ಮೊಮ್ಮಗನೊಂದಿಗೆ ಕೂತಿದ್ದ ಹಿರಿಯರೊಬ್ಬರು ತಡೆದರು: “ನೀರು ಕುಡೀಬ್ಯಾಡವ್ವ, ಇನ್ನಷ್ಟು ಹಬ್ತೈತಿ. ಒಂದು ಬಟ್ಟಲ ಮಸರು ತಿನ್ನು.”

ಅವರ ಮಾತು ನಿಜ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಮೈಗೆ ತಿಳಿಸುವ ನರತುದಿಯ ಗ್ರಾಹಕವನ್ನೇ ಅದು ಹೋಗಿ ತಟ್ಟುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಂದಿತು. ಬಾಯಿ ಸುಡುತ್ತಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟುತ್ತದೆ, ಆದರೆ ಬಾಯಲ್ಲಿ ಬೆಂಕಿಯಿಲ್ಲ. ಅದು ಗೊತ್ತಿರುವುದರಿಂದಲೇ ನಾವು ದುಡ್ಡು ಕೊಟ್ಟು ಈ ಉರಿಯನ್ನು ಕೊಳ್ಳುತ್ತೇವೆ, ಕಣ್ಣೀರು ಒರೆಸಿಕೊಂಡು ನಗುತ್ತೇವೆ. ಈ ಹುರುಪು ಈಗ ಲೋಕಕ್ಕೆಲ್ಲ ಹಬ್ಬಿದೆ. ಕೊರಿಯಾದ ಮೂರು ಬಗೆಯ ಖಾರದ ನೂಡಲ್ಸ್‌ನಲ್ಲಿ ಕ್ಯಾಪ್ಸೈಸಿನ್ ಅತಿಯಾಗಿದೆ ಎಂದು 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಅವನ್ನು ಅಂಗಡಿಗಳಿಂದ ವಾಪಸು ತರಿಸಿತ್ತು. ಮುಂದೆ ಎರಡಕ್ಕೆ ಮತ್ತೆ ಅನುಮತಿ ಕೊಟ್ಟಿತು.

ಮಗಳು ಮೊಸರು ತಿನ್ನುವುದನ್ನು ನೋಡುತ್ತಾ ನನಗೆ ಕುರುಗೋಡಿನ ಚಿಕ್ಕವ್ವ ನೆನಪಾದಳು.

ಚಿಕ್ಕವ್ವ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಕುರುಗೋಡು, ಸಿರುಗುಪ್ಪ ಕಡೆಯ ಎರೆ ಹೊಲಗಳಲ್ಲಿ ಸಂಕ್ರಾಂತಿಯ ಆಸುಪಾಸಿಗೆ ಕಾಯಿ ಕೆಂಪಗಾಗಿ ನಿಲ್ಲುತ್ತದೆ. ಹೆಣ್ಣುಮಕ್ಕಳು ಸಾಲು ಹಿಡಿದು, ನಡು ಬಗ್ಗಿಸಿ, ಬರಿಗೈಯಲ್ಲಿ ಒಂದೊಂದೇ ಕಾಯಿ ಬಿಡಿಸುತ್ತಾರೆ. ಆಮೇಲೆ ಕಣದಲ್ಲಿ ಹರಡಿ ಒಣಗಿಸುವುದು, ಹೊರಳಿಸುವುದು, ಬಿಳಿಚಿದ ಕಾಯಿ ಆರಿಸಿ ತೆಗೆಯುವುದು. ಅಲ್ಲಿ ಬೀಸುವ ಗಾಳಿಗೂ ಘಾಟು. ಸಂಜೆ ಮನೆಗೆ ಬಂದ ಚಿಕ್ಕವ್ವ ತೊಟ್ಟಿಲಲ್ಲಿ ಅಳುವ ಕೂಸನ್ನು ಕೂಡಲೇ ಎತ್ತಿಕೊಳ್ಳುತ್ತಿರಲಿಲ್ಲ. ಬಾಗಿಲಲ್ಲೇ ಕೂತು, ಅಂಗೈಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟಿನಿಂದ ತೊಳೆದು, ಮತ್ತೆ ಎಣ್ಣೆ ಹಚ್ಚಿ, ಕೊನೆಗೆ ಮೊಣಕೈಯಿಂದ ಕೂಸಿನ ಕೆನ್ನೆ ಮುಟ್ಟಿ ನೋಡುತ್ತಿದ್ದಳು. ಜಿಡ್ಡಿಗೆ ಮಾತ್ರ ಈ ಉರಿ ಬಗ್ಗುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈಯೇ ಕಲಿಸಿತ್ತು. ರಾತ್ರಿ ಕೈ ಉರಿದು ನಿದ್ದೆ ಬಾರದಿದ್ದರೆ ತಣ್ಣನೆಯ ಹಿತ್ತಾಳೆ ಕೊಡ ತಬ್ಬಿಕೊಂಡು ಮಲಗುತ್ತಿದ್ದಳು.

ಗೋಡೆಯ ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿದೆ. ನಮಗೆ ಮೂರು ಬೇಡವಾದರೆ ಎರಡನ್ನು ಆರಿಸಬಹುದಿತ್ತು, ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಏಳಬಹುದಿತ್ತು. ಚಿಕ್ಕವ್ವನಿಗೆ ಆರಿಸುವ ಅವಕಾಶವಿರಲಿಲ್ಲ. ಸಾಲು ಮುಗಿಯದೆ ಕೂಲಿಯಿಲ್ಲ.

ಬೆಳೆದವನ ಪಾಡೂ ಹಗುರಲ್ಲ. ಇಲ್ಲಿಯ ಕಾಯಿ ಚೀಲಗಟ್ಟಲೆ ಲಾರಿ ಹತ್ತಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಬಳ್ಳಾರಿಯಲ್ಲೇ ಮೆಣಸಿನಕಾಯಿ ಮಾರುಕಟ್ಟೆ ಬೇಕೆಂಬ ಕೂಗು ಹಳೆಯದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿದಾಗ ರೈತರ ಸಿಟ್ಟು ಕಟ್ಟೆಯೊಡೆಯಿತು. ಮಾರುಕಟ್ಟೆ ಆವರಣದಲ್ಲಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿಯಲ್ಲ. ಆದರೆ ವರ್ಷವಿಡೀ ಸಾಲ ಮಾಡಿ ಬೆಳೆದದ್ದು ಒಂದೇ ದಿನದಲ್ಲಿ ಅಗ್ಗವಾದಾಗ ಒಡಲಲ್ಲಿ ಏಳುವ ಉರಿಯನ್ನು ಯಾವ ಮೊಸರೂ ಆರಿಸದು.

ರಾಮೆನ್ ಬಗ್ಗೆ ನನಗೆ ತಕರಾರಿಲ್ಲ. ಅದು ಚೀನಾದ ಗೋಧಿ ಎಳೆ ಜಪಾನಿಗೆ ಹೋಗಿ ಪಡೆದ ರೂಪ. ನಮ್ಮದೆಂದು ಹೆಮ್ಮೆಪಡುವ ಮೆಣಸಿನಕಾಯಿಯೂ ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದೇ. ನಾಲಗೆಗೆ ಗಡಿಯಿಲ್ಲ, ಇರಬೇಕಾಗಿಯೂ ಇಲ್ಲ. ಊರಿನ ಹೊಸ ಅಂಗಡಿ ನಾಲ್ಕು ಜನಕ್ಕೆ ಅನ್ನ ಕೊಡಲಿ. ಆದರೆ ನಾವು ಉಪ್ಪಿನ ಋಣವನ್ನು ನೆನೆಯುವ ಜನ. ಖಾರದ ಋಣವೂ ಒಂದಿದೆ. ಬಿಡಿಸುವ ಕೈಗೆ ಒಂದು ಜೊತೆ ಕೈಗವಸು, ಮರ್ಯಾದೆಯ ಕೂಲಿ, ಬೆಳೆದವನಿಗೆ ನಂಬಬಹುದಾದ ದರ: ಆ ಋಣ ತೀರುವುದು ಇಲ್ಲಿಂದಲೇ.

ಏಳುವ ಹೊತ್ತಿಗೆ ಮಗಳು ಒದ್ದೆಯಾದ ಕಣ್ಣನ್ನು ಬೆರಳಿನಿಂದ ಒರೆಸಿಕೊಳ್ಳಲು ಹೊರಟಳು. ಥಟ್ಟನೆ ಅವಳ ಮಣಿಕಟ್ಟು ಹಿಡಿದೆ. “ಕಣ್ಣಿಗೆ ಕೈ ಹಚ್ಚಬ್ಯಾಡ.” ಮಾತು ನನ್ನದಾಗಿರಲಿಲ್ಲ. ಹೊಲದ ಬದುವಿನಲ್ಲಿ ಆಡುತ್ತಿದ್ದ ನಮಗೆಲ್ಲ ಚಿಕ್ಕವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತದು. ಯಾಕೆಂದು ಮಗಳು ಕೇಳಿದಳು. ಮನೆ ಮುಟ್ಟುವವರೆಗೂ ಅವಳಿಗೆ ಆ ಕೈಗಳ ವಿಷಯ ಹೇಳಿದೆ.